ಸೈಲೆನ್ಸರಿಗೆ ಕಟ್ಟಿದ ನೀರು

ಗಾಳಿಯಿಂದ ಓಡುವ ಕಾರು ಮಾಡುತ್ತೇನೆಂದು ಗಂಡ ಹಟ ಹಿಡಿದು ಕೂತಾಗಿನಿಂದ ಅವಳಿಗೆ ಅದರಿಂದ ಆದ ಒಂದೇ ಉಪಯೋಗವೆಂದರೆ ತಣ್ಣೀರು. ಬೇರೆ ಕಾರುಗಳ ಸೈಲೆನ್ಸರ್ ಮುಟ್ಟಿದರೆ ಕೈ ಸುಡುತ್ತದೆ, ಇದರದ್ದು ಉಲ್ಟಾ. ಸಿಲಿಂಡರಿನಲ್ಲಿ ಒತ್ತಿ ತುಂಬಿದ ಗಾಳಿ ಹೊರಗೆ ನುಗ್ಗುವಾಗ ಕೊಳವೆಯ ಮೇಲೆ ಬೆಳ್ಳಗೆ ಮಂಜು ಕಟ್ಟುತ್ತಿತ್ತು. ಕಾರು ಹೊರಡುವ ಮುಂಚೆ ಪ್ರತಿ ಸಲ ಅವಳು ಸ್ಟೀಲ್ ಬಾಟಲಿಗೆ ನಲ್ಲಿ ನೀರು ತುಂಬಿ ಅಲ್ಲಿ ತಂತಿಯಿಂದ ಕಟ್ಟುತ್ತಿದ್ದಳು. ಕಾರು ಎಲ್ಲಿ ಕೆಟ್ಟು ನಿಂತರೂ ನೀರಂತೂ ತಣ್ಣಗಾಗಿರುತ್ತಿತ್ತು. "ಭಾವ ಫ್ರಿಜ್ ಮಾಡಕ್ಕೆ ಹೋಗಿ ತಪ್ಪಿ ಚಕ್ರ ಹಾಕಿಬಿಟ್ಟಿದ್ದಾರೆ" ಎಂದು ಅವಳ ಅಣ್ಣ ಬಂದಾಗಲೆಲ್ಲ ಆ ನೀರನ್ನೇ ಕೇಳಿ ಕುಡಿಯುತ್ತಿದ್ದ.

ಬೀದಿಯವರು ಗಂಡನಿಗೆ ಇಟ್ಟ ಹೆಸರು ಗಾಳಿ ಮೇಷ್ಟ್ರು. ಮೇಷ್ಟರ ಕೆಲಸ ಯಾವಾಗಲೋ ಬಿಟ್ಟಾಗಿತ್ತು, ಗಾಳಿ ಮಾತ್ರ ಬಿಟ್ಟಿರಲಿಲ್ಲ. ಆದರೆ ಮನುಷ್ಯ ಸುಳ್ಳುಗಾರನಲ್ಲ. ಯಾರಾದರೂ ಕೇಳಿದರೆ ಇದ್ದದ್ದನ್ನು ಇದ್ದಂತೆಯೇ ಹೇಳುತ್ತಿದ್ದ: "ಗಾಳಿ ತುಂಬುವಾಗ ಸಿಲಿಂಡರ್ ಕಾಯುತ್ತೆ, ಆ ಕಾವೆಲ್ಲ ದಂಡ. ಬಿಡುವಾಗ ವಾಲ್ವ್ ಹೆಪ್ಪುಗಟ್ಟುತ್ತೆ. ಪಂಪಿಗೆ ನಾಲ್ಕು ಪಾಲು ಕರೆಂಟ್ ಕೊಟ್ರೆ ಚಕ್ರಕ್ಕೆ ಸಿಗೋದು ಒಂದು ಪಾಲು. ಆ ಒಂದನ್ನ ಎರಡು ಮಾಡಬೇಕು, ಅಷ್ಟೇ." ಆ 'ಅಷ್ಟೇ' ಅವನ ತಲೆಗೂದಲನ್ನೂ ಅವಳ ಒಳ್ಳೆಯ ವರ್ಷಗಳನ್ನೂ ನುಂಗಿ ನೀರು ಕುಡಿದಿತ್ತು. ಸುಳ್ಳು ಹೇಳುವವನಲ್ಲವಲ್ಲ ಎಂಬ ಒಂದೇ ಸಮಾಧಾನಕ್ಕೆ ಅವಳು ಎಲ್ಲವನ್ನೂ ಹಲ್ಲು ಕಚ್ಚಿ ಸಹಿಸಿದ್ದಳು.

ಅಣ್ಣನದು ಲಾರಿಗಳಿಗೆ ಬಾಡಿ ಕಟ್ಟುವ ಶೆಡ್ಡು. ಇತ್ತೀಚೆಗೆ ಕೆಲಸ ಕಮ್ಮಿಯಾಗಿ, ಬೆಸುಗೆಯವರು ಬೆಳಗಿನಿಂದ ಸಂಜೆಯವರೆಗೆ ಹರಟೆ ಹೊಡೆಯುವಂತಾಗಿತ್ತು. ಒಂದು ದಿನ ಬಂದು ಗಂಡನಿಗೆ ಹೇಳಿದ. "ನೀರಿನ ಟ್ಯಾಂಕಿನ ದಿಬ್ಬ ಹತ್ತಿ, ಎಲ್ಲೂ ನಿಲ್ಲದೆ ವಾಪಸ್ ಬರಲಿ ಭಾವ. ಲಾರಿ ಸಹವಾಸ ಬಿಟ್ಟು ಶೆಡ್ಡಲ್ಲಿ ಇದನ್ನೇ ಶುರು ಮಾಡೋಣ."

ಆಮೇಲೆ ಅಡುಗೆಮನೆಗೆ ಬಂದು ದನಿ ತಗ್ಗಿಸಿದ. "ಯಂತ್ರದ ವಿಷಯ ನನ್ನ ತಲೆಗೆ ಹತ್ತಲ್ಲ ಪುಟ್ಟಿ. ಚಿಕ್ಕವಳಿದ್ದಾಗಿಂದ ನೀನು ನನ್ನ ಹತ್ರ ಒಂದು ಸುಳ್ಳೂ ಹೇಳಿದವಳಲ್ಲ. ನೀನು ಹೂಂ ಅಂದ್ರೆ ಹೂಂ, ಊಹೂಂ ಅಂದ್ರೆ ಊಹೂಂ."

"ಓಡಿದ ದಿನ ಹೇಳ್ತೀನಿ ಅಣ್ಣ" ಎಂದಿದ್ದಳು. ಆ ದಿಬ್ಬದ ಅರ್ಧವನ್ನೂ ಕಾರು ಯಾವತ್ತೂ ಹತ್ತಿರಲಿಲ್ಲ.

ಗಂಡ ಬರಹೇಳಿದ ದಿನ ಅಣ್ಣ ಬಂದ. ಕಾರು ಬುಸುಗುಡುತ್ತಾ ಗೇಟು ದಾಟಿತು, ದಿಬ್ಬ ಹತ್ತಿತು, ಟ್ಯಾಂಕಿನ ಹಿಂದೆ ಮರೆಯಾಗಿ, ಏನೂ ಆಗಿಲ್ಲವೆಂಬಂತೆ ವಾಪಸು ಬಂತು. ಬೀದಿಯವರ ಬಾಯಿಗೆ ಬೀಗ ಬಿದ್ದಿತ್ತು. ಅವಳಿಗೆ ಕಣ್ಣು ತುಂಬಿ ಬಂತು. ಓಡಿ ಹೋಗಿ, ಅಭ್ಯಾಸದಂತೆ ಬಾಟಲಿ ಬಿಚ್ಚಲು ಕಾರಿನ ಹಿಂದೆ ಬಗ್ಗಿದಳು.

ಮಂಜಿರಲಿಲ್ಲ. ಕೊಳವೆಯ ಮೇಲೆ ಅಂಗೈ ಇಟ್ಟಳು. ನೆರಳಿನ ಗೋಡೆಯಷ್ಟೂ ತಂಪಿಲ್ಲ. ಬಾಟಲಿಯ ನೀರು ನಲ್ಲಿಯಿಂದ ಹಿಡಿದಾಗ ಹೇಗಿತ್ತೋ ಹಾಗೇ ಇತ್ತು. ಹಿಂದಿನ ಸೀಟಿನ ಕೆಳಗೆ ಹೊಸದಾಗಿ ಜಡಿದ ತಗಡು ಈಗ ಕಣ್ಣಿಗೆ ಬಿತ್ತು. ಸಂದಿಯಲ್ಲಿ ಇಣುಕಿದರೆ ಒಳಗೆ ಬ್ಯಾಟರಿ, ಮೋಟಾರು. ಬುಸುಗುಟ್ಟಿದ್ದು ತೋರಿಕೆಗೆ.

ತಲೆ ಎತ್ತಿದರೆ ಗಂಡ ಅವಳನ್ನೇ ನೋಡುತ್ತಿದ್ದ. ಅಷ್ಟು ದೈನ್ಯವಾಗಿ ಅವನು ಯಾವತ್ತೂ ನೋಡಿರಲಿಲ್ಲ, ಕೆಲಸ ಬಿಟ್ಟು ಬಂದ ದಿನವೂ.

"ಏನಮ್ಮಾ, ನೀನು ಹೇಳು. ಗಾಳಿಯಲ್ಲೇ ಓಡಿದ್ದಾ ಇದು?" ಅಣ್ಣ ಕೇಳಿದ.

ಹೂಂ ಎಂದರೆ ಅಣ್ಣನ ಶೆಡ್ಡು ಮುಳುಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಆದರೆ ಗಾಳಿ ಮೇಷ್ಟ್ರು ಎಂದು ಆಡಿಕೊಂಡವರೆಲ್ಲ ಕಾಂಪೌಂಡಿನಾಚೆ ತೆಪ್ಪಗೆ ನಿಂತಿದ್ದರು. ಇದೊಂದು ದಿನವಾದರೂ ಗಂಡ ಗೆಲ್ಲಲಿ ಎಂದು ಹಾಳು ಮನಸ್ಸು ಬಯಸಿತು.

"ಹೂಂ ಅಣ್ಣ. ಗಾಳಿಯಲ್ಲೇ."

ಅಣ್ಣನ ಮುಖ ಊರಗಲವಾಯಿತು. ಗಂಡನ ಬೆನ್ನು ತಟ್ಟಿದವನೇ ಅವಳತ್ತ ಕೈ ಚಾಚಿದ. "ಕೊಡು ಮತ್ತೆ, ಬಾಯಾರಿದೆ. ನಮ್ಮ ಫ್ರಿಜ್ಜಿನ ನೀರು."

ಅವಳು ಬಾಟಲಿಯನ್ನು ಸೆರಗಿನ ಹಿಂದಕ್ಕೆ ಸರಿಸಿದಳು. "ತಾಳು, ಒಳಗಿಂದ ಬೇರೆ ತರ್ತೀನಿ."

"ಅದನ್ನೇ ಕೊಡೇ." ಸಲಿಗೆಯಿಂದ ಕಿತ್ತುಕೊಂಡು ಮುಚ್ಚಳ ತಿರುಗಿಸಿದ. ಒಂದು ಗುಟುಕು ಕುಡಿದ. ಎರಡನೆಯದನ್ನು ಕುಡಿಯಲಿಲ್ಲ.

ಅವನು ಕಾರನ್ನು ನೋಡಲಿಲ್ಲ, ಭಾವನನ್ನೂ ನೋಡಲಿಲ್ಲ. ತಂಗಿಯನ್ನು ಮಾತ್ರ ನೋಡಿದ. ಮುಚ್ಚಳವನ್ನು ನಿಧಾನವಾಗಿ ಬಿಗಿ ಮಾಡಿ ಬಾಟಲಿಯನ್ನು ಅವಳ ಕೈಗಿಟ್ಟ.

"ಭಾವ ಹೇಳಿದ್ರೆ ನಂಬಬಾರದು ಅಂತಲೇ ನಿನ್ನ ಕೇಳಿದ್ದು ಪುಟ್ಟಿ" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವಳು ಅತ್ತಾದರೂ ಬಿಡುತ್ತಿದ್ದಳು. "ಆಸೆ ಬಿದ್ದೋರು ಸುಳ್ಳು ಹೇಳ್ತಾರೆ, ಅದು ಇದ್ದದ್ದೇ. ಇನ್ನು ಮುಂದೆ ನಾನು ಯಾರನ್ನ ಕೇಳಲಿ?"

ಉತ್ತರಕ್ಕೆ ಕಾಯದೆ ಹೊರಟ. ಯಾವತ್ತೂ "ಹೋಗ್ಬರ್ತೀನಮ್ಮ" ಎನ್ನದೆ ಮೆಟ್ಟಿಲಿಳಿದವನಲ್ಲ, ಅವತ್ತು ಅನ್ನಲಿಲ್ಲ. ಬೀದಿಯವರಿಗೆ ಏನಾಯಿತೆಂದು ತಿಳಿಯಲಿಲ್ಲ. ಸ್ವಲ್ಪ ಹೊತ್ತು ನಿಂತು, ಅವರೂ ತಮ್ಮ ತಮ್ಮ ಮನೆಗೆ ಹೋದರು.

ಗಂಡ ಬಾನೆಟ್ಟಿಗೆ ಒರಗಿ ಕೂತ. ಅವನು ಕ್ಷಮೆ ಕೇಳುತ್ತಾನೆ, ಇಲ್ಲವೇ ಬ್ಯಾಟರಿ ಯಾಕೆ ಹಾಕಿದೆನೆಂದಾದರೂ ಹೇಳುತ್ತಾನೆ ಎಂದು ಅವಳು ಕಾದಳು. ಅವನು ತಲೆ ಎತ್ತಿದ.

"ಬಾಟಲಿಗೆ ಮೊದಲೇ ಎರಡು ತುಂಡು ಐಸ್ ಹಾಕಿಡೋದಲ್ವೇನೇ?"

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಉಗಿದುಬಿಡಬೇಕೆನಿಸಿತು. ಆದರೆ ಅಣ್ಣ ಬಾಟಲಿಗೆ ಕೈ ಚಾಚಿದಾಗ ಅವಳಿಗೆ ಮೊದಲು ಹೊಳೆದದ್ದೂ ಅದೇ ಆಗಿತ್ತು.