ಕೆಳಸಾಲಿನ ಲಾಕರ್

ಅರ್ಧ ಮೇಲೆ ಹೋಗಿದ್ದ ಕೈಯನ್ನು ಏನು ಮಾಡುವುದೆಂದು ತೋಚದೆ ಅವನು ತಲೆ ಕೆರೆದುಕೊಂಡ. ತುರಿಕೆ ಏನೂ ಇರಲಿಲ್ಲ. ಆದರೂ ಕಿವಿಯ ಹಿಂದೆ, ನೆತ್ತಿಯ ಮೇಲೆ, ಮತ್ತೆ ಕಿವಿಯ ಹಿಂದೆ ಕೆರೆದುಕೊಳ್ಳುತ್ತ, ಪಕ್ಕದಲ್ಲಿ ನೆಟ್ಟಗೆ ಎದ್ದಿದ್ದ ಇನ್ನೊಂದು ಕೈಯನ್ನು ನೋಡದಿರಲು ಹೆಣಗಿದ. ಆ ಕೈ ಉದ್ದನೆಯದು. ತರಬೇತಿ ಕೇಂದ್ರದ ಆ ಹಾಲಿನ ಯಾವ ಮೂಲೆಯಿಂದ ನೋಡಿದರೂ ಕಾಣುವಂಥದ್ದು.

"ಇಳಿಸಬೇಡಿ, ಎಣಿಸ್ತಾ ಇದೀನಿ," ಎಂದರು ಪೈಲಟ್‌ಗಳ ಸಂಘದ ಅಧ್ಯಕ್ಷರು.

ಕೈ ಎತ್ತಿದರೆ, ಎಲ್ಲರೂ ಕಡಿಮೆ ಹಾರೋಣ, ಎಲ್ಲರೂ ಕಾಲು ಸಂಬಳ ಬಿಡೋಣ, ಯಾರೂ ಮನೆಗೆ ಹೋಗುವುದು ಬೇಡ ಎಂದು ಅರ್ಥ. ಎತ್ತದಿದ್ದರೆ ಸಂಬಳ ಇದ್ದ ಹಾಗೇ ಇರುತ್ತದೆ. ಹಿರಿತನದ ಪಟ್ಟಿಯ ಬಾಲ ಮಾತ್ರ ಕತ್ತರಿಸಿ ಬೀಳುತ್ತದೆ. ಕಂಪನಿ ಅದನ್ನು ಕೆಲಸದಿಂದ ತೆಗೆಯುವುದು ಎನ್ನುವುದಿಲ್ಲ. ಸಂಬಳವಿಲ್ಲದ ರಜೆ, ಕರೆದಾಗ ಬನ್ನಿ, ಎನ್ನುತ್ತದೆ. ಬಾವಿಗೆ ನೂಕಿ, ಹಗ್ಗ ಸಿಕ್ಕಾಗ ಇಳಿಬಿಡುತ್ತೇವೆ ಎಂದ ಹಾಗೆ.

ಎಲ್ಲಕ್ಕೂ ಮುಂದಿನ ಸಾಲು ಹಿರಿಯ ಕ್ಯಾಪ್ಟನ್‌ಗಳದು. ಅವರಲ್ಲೊಬ್ಬರು ಆಗಷ್ಟೇ ಮೈಕ್ ಹಿಡಿದು, "ಈ ಹುಡುಗರನ್ನ ನೆನೆಸ್ಕೊಂಡ್ರೆ ನನಗೆ ಊಟ ಸೇರಲ್ಲ," ಎಂದು ಕಣ್ಣೊರೆಸಿಕೊಂಡಿದ್ದರು. ಈಗ ಅವರ ಎರಡೂ ಕೈಗಳು ಹೊಟ್ಟೆಯ ಮೇಲೆ, ಒಂದರ ಮೇಲೊಂದು, ಒಳ್ಳೆ ಮನೆಯ ಮಕ್ಕಳಂತೆ ಸುಮ್ಮನೆ ಕೂತಿದ್ದವು. ಊಟ ಸೇರದವರ ಹೊಟ್ಟೆ ಅಲ್ಲ ಅದು.

ಬಾಲ ಎಲ್ಲಿಂದ ಶುರು ಎಂಬುದು ಎಲ್ಲರಿಗೂ ಗೊತ್ತಿತ್ತು. ಗೆರೆ ಅವನ ಕೆಳಗೆ ಬಿದ್ದಿತ್ತು. ಉಳಿಯುವವರಲ್ಲಿ ಅವನೇ ಕೊನೆಯವನು, ಹೋಗುವವರಲ್ಲಿ ಪಕ್ಕದವನೇ ಮೊದಲನೆಯವನು. ಇಬ್ಬರೂ ಕೋ-ಪೈಲಟ್‌ಗಳು, ಒಂದೇ ದಿನ ಕೆಲಸಕ್ಕೆ ಸೇರಿದವರು. ಪಟ್ಟಿಯಲ್ಲಿ ಒಂದು ನಂಬರ್ ಮೇಲಿದ್ದ ತಪ್ಪಿಗೆ ಇವನಿಗೆ ಅಣ್ಣ ಎಂದೂ, ಒಂದು ನಂಬರ್ ಕೆಳಗಿದ್ದ ತಪ್ಪಿಗೆ ಪಕ್ಕದವನಿಗೆ ತಮ್ಮ ಎಂದೂ ಇಡೀ ಕಂಪನಿಯಲ್ಲಿ ಹೆಸರು. ನಿಜಕ್ಕೆ ತಮ್ಮನೇ ಕೆಲವು ತಿಂಗಳು ದೊಡ್ಡವನು, ಒಂದು ಗೇಣು ಉದ್ದ ಬೇರೆ.

ಅಣ್ಣನ ಮುಂದೆ ಕೂತಿದ್ದ ಕೆಲವರು ತಿರುಗಿ ನೋಡಿದರು. ಅವರ ಕೈಗಳೂ ಎದ್ದೂ ಏಳದಂತೆ ಕಿವಿಯ ಮಟ್ಟದಲ್ಲಿ ತೂಗಾಡುತ್ತಿದ್ದವು. ತಮ್ಮನ ಪಕ್ಕದಲ್ಲೇ ಕೂತವನು ಎತ್ತದಿದ್ದರೆ ನಮಗೇನು ಬಂತು ಕಷ್ಟ, ಎಂದು ಆ ಕಣ್ಣುಗಳು ಕೇಳಿದವು. ಒಬ್ಬ ಗಡಿಯಾರ ನೋಡಿಕೊಂಡ. ಒಬ್ಬ ಕಾಲರ್ ಸರಿ ಮಾಡಿಕೊಂಡ. ಅಧ್ಯಕ್ಷರು ಎರಡು ಸಲ ಎಣಿಸಿ, ನಾಲ್ಕು ಕೈ ಕಡಿಮೆ ಬಿತ್ತು ಎಂದರು. ಕುರ್ಚಿಗಳು ಕಿರುಗುಟ್ಟಿದವು.

ಬರುವುದೂ ಹೋಗುವುದೂ ತಮ್ಮನ ಹಳೆಯ ಕಾರಿನಲ್ಲೇ. ಅಂದು ಬಸ್ಸು ಹಿಡಿಯಲು ಅಣ್ಣನಿಗೆ ನೆಪ ಸಿಗಲಿಲ್ಲ. ಎರಡು ಸಿಗ್ನಲ್ ದಾಟಿದರು. ಮೂರನೆಯದರಲ್ಲಿ ಕೆಂಪು ದೀಪ.

"ಹೇನಾ?" ಎಂದ ತಮ್ಮ.

"ಏನು?"

"ತಲೇಲಿ ಹೇನಾಗಿದ್ಯಾ ಅಂದೆ. ಅಷ್ಟು ಹೊತ್ತು ಕೆರ್ಕೊಂಡ್ಯಲ್ಲ. ನಮ್ಮಕ್ಕನ ಮಕ್ಕಳಿಗೂ ಆಗಿತ್ತು. ಬೋಳಿಸಿದ್ರು, ಹೋಯ್ತು."

"ಲೋ, ನಾನೊಬ್ಬ ಎತ್ತಿದ್ರೂ ಸಾಲ್ತಿರಲಿಲ್ಲ."

"ನಿಜ. ಇನ್ನೂ ಮೂರು ಬೇಕಿತ್ತು." ದೀಪ ಹಸಿರಾಯಿತು. ತಮ್ಮ ಗೇರ್ ಹಾಕಿದ. "ನಿನ್ನ ಮುಂದಿನ ಸಾಲಲ್ಲಿ ಎಷ್ಟು ಜನ ತಿರುಗಿ ನೋಡಿದ್ರು, ಎಣಿಸಿದ್ಯಾ?"

ಎಣಿಸಿದ್ದ. ಮೂವರು.

"ಕೈ ಮೊದಲು, ಬಾಯಿ ಆಮೇಲೆ," ಎಂದ ತಮ್ಮ, ಇಬ್ಬರಿಗೂ ಕಲಿಸಿದ್ದ ಹಳೆಯ ತರಬೇತುದಾರರ ಗೊಗ್ಗರು ದನಿಯಲ್ಲಿ. ಹಾರುವ ಮುನ್ನ ಒಬ್ಬ ತಪಾಸಣೆಯ ಪಟ್ಟಿ ಓದುತ್ತಾನೆ, ಇನ್ನೊಬ್ಬ ಆ ಸ್ವಿಚ್ಚಿನ ಮೇಲೆ ಬೆರಳಿಟ್ಟು ನೋಡಿ, ಆಮೇಲಷ್ಟೇ 'ಆಗಿದೆ' ಎನ್ನಬೇಕು. ಬೆರಳಿಡದೆ ಬಾಯಿಬಿಟ್ಟವನ ಬೆನ್ನಿಗೆ ಮುದುಕ ಗುದ್ದುತ್ತಿದ್ದ. "ಒಂದು ವಾರದಿಂದ ನೀನು ಬಾಯಲ್ಲೇ ಹೇಳ್ತಿದ್ದೆ ನೋಡು, ನಾನಿದೀನಲ್ಲೋ, ನಾನಿದೀನಲ್ಲೋ ಅಂತ. ಅವಾಗ್ಲೇ ಗುದ್ದಬೇಕಿತ್ತು ನಿನಗೆ."

ಹೇಳಿ ನಕ್ಕ. ಬೈದಿದ್ದರೆ ಬೈಸಿಕೊಳ್ಳಬಹುದಿತ್ತು.

ಮನೆಯಲ್ಲಿ ಹೆಂಡತಿ ದಿಂಬಿಗೊರಗಿ, ಊದಿದ ಕಾಲುಗಳನ್ನು ಕುರ್ಚಿಯ ಮೇಲಿಟ್ಟುಕೊಂಡು ಕೂತಿದ್ದಳು. ದಿನ ತುಂಬುತ್ತ ಬಂದಿತ್ತು.

"ಎತ್ತಿದ್ರಾ?"

"ಇಲ್ಲ."

ಅವಳು ಕಾಲುಗಳನ್ನು ಕುರ್ಚಿಯಿಂದ ಕೆಳಗಿಳಿಸಿದಳು. "ನಾನೇನು ಎತ್ತಬೇಡಿ ಅಂದ್ನಾ?"

"ನಿಮ್ಮ ಕೈ, ನಿಮ್ಮಿಷ್ಟ ಅಂದೆ."

"ಅದರರ್ಥ ಅದೇ ರೀ, ನಿಮ್ಮ ಕೈ, ನಿಮ್ಮಿಷ್ಟ. ಎತ್ತಿದ್ರೆ ಕಾಲು ಸಂಬಳ ಕಡಿಮೇಲಿ ಹೇಗೋ ನಡೆಸ್ತಿದ್ದೆ. ಯಾರ ಹತ್ರಾನೂ ನನ್ನ ಬಸುರಿನ ಹೆಸರು ಹೇಳಿ ತಪ್ಪಿಸ್ಕೋಬೇಡಿ, ಆಯ್ತಾ?"

ಕಾರಿನಿಂದ ಇಳಿಯುವಾಗ ಅವನು ಅದನ್ನೇ ಹೇಳಿ ಬಂದಿದ್ದ.

ಆ ರಾತ್ರಿ ಅವನಿಗೆ ನಿದ್ದೆ ಹತ್ತದಿದ್ದುದಕ್ಕೆ ಇನ್ನೂ ಒಂದು ಕಾರಣವಿತ್ತು. ಅದು ಗೊತ್ತಿದ್ದದ್ದು ಅವನಿಗೂ ತಮ್ಮನಿಗೂ ಮಾತ್ರ.

ಕೆಲಸಕ್ಕೆ ಸೇರಿದ ದಿನ ಯಾರು ಮೇಲು, ಯಾರು ಕೆಳಗೆ ಎಂಬುದನ್ನು ಕಂಪನಿ ಚೀಟಿ ಎತ್ತಿಸಿ ತೀರ್ಮಾನಿಸಿತ್ತು. ಕ್ಯಾಪ್ಟನ್ ಒಬ್ಬರ ಟೋಪಿ ತಿರುಗಿಸಿ, ಅದರಲ್ಲಿ ಚೀಟಿ ಹಾಕಿ, ರೋಸ್ಟರ್ ಮೇಡಂ ಹಿಡಿದು ನಿಂತಿದ್ದರು. ಯಾರು ಯಾವಾಗ ಹಾರಬೇಕೆಂದು ಬರೆಯುವವರು ಅವರೇ. ಬಂದ ನಂಬರೇ ಹಿರಿತನ, ಅದೇ ಲಾಕರಿಗೂ. ಲಾಕರುಗಳನ್ನು ಕಂಬದಂತೆ ಒಂದರ ಮೇಲೊಂದು ಜೋಡಿಸಿತ್ತು; ನಂಬರ್ ಮೇಲಿಂದ ಕೆಳಗೆ ಇಳಿದು, ಮತ್ತೆ ಪಕ್ಕದ ಕಂಬದ ತುದಿಯಿಂದ ಶುರುವಾಗುತ್ತಿತ್ತು. ತಮ್ಮ ಎತ್ತಿದ ಚೀಟಿಗೆ ನೆಲಕ್ಕೆ ತಾಗಿದ ಲಾಕರ್ ಬಂದಿತ್ತು, ಇವನು ಎತ್ತಿದ್ದಕ್ಕೆ ಅದರ ಮುಂದಿನ ನಂಬರ್, ಪಕ್ಕದ ಕಂಬದ ತೀರ ಮೇಲಿನದು.

"ಅಯ್ಯೋ, ದಿನಾ ಯಾರಪ್ಪಾ ಮಂಡಿಯೂರೋದು," ಎಂದಿದ್ದ ತಮ್ಮ. "ನಿನಗೆ ಬಗ್ಗೋ ಕಷ್ಟಾನೇ ಇಲ್ಲ, ನೆಲದ ಹತ್ರಾನೇ ಇದೀಯ. ತಗೋ ಇದನ್ನ." ಮೇಡಂ ಬರೆದುಕೊಳ್ಳುವ ಮೊದಲು ಚೀಟಿಗಳು ಕೈ ಬದಲಾಗಿದ್ದವು. ಇಬ್ಬರೂ ನಕ್ಕಿದ್ದರು. ಆಗ ನಂಬರೆಂದರೆ ಬೂಟು, ಛತ್ರಿ ಇಡುವ ಜಾಗ, ಅಷ್ಟೇ.

ವಾರದ ಕೊನೆಗೆ, ಮಧ್ಯಾಹ್ನದ ಹಾರಾಟ ಮುಗಿಸಿ ಅಣ್ಣ ರೋಸ್ಟರ್ ಮೇಡಂ ಕೋಣೆಯ ಮುಂದೆ ನಿಂತ. ಪಟ್ಟಿಯ ಬಗ್ಗೆ ತಕರಾರು ಹೇಳಲು ಅಂದೇ ಕೊನೆಯ ದಿನ. ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿಕೊಂಡಿದ್ದ: ಆ ನಂಬರ್ ನನ್ನದಲ್ಲ, ಅವನದು. ಒಂದೇ ಉಸಿರಿನ ಮಾತು.

"ಬಾಪ್ಪಾ ಅಣ್ಣ," ಎಂದರು ಮೇಡಂ, ಕನ್ನಡಕ ಹಣೆಗೇರಿಸಿ. "ಪಟ್ಟಿ ವಿಷಯಾನಾ? ನಿನಗೇನಪ್ಪ ತಕರಾರು, ಕೂದಲೆಳೇಲಿ ಬಚಾವಾದವನಿಗೆ?"

"ಮೇಡಂ, ನಾವು ಸೇರಿದ ದಿನ ಚೀಟಿ ಎತ್ತಿದ್ವಲ್ಲ..."

"ಹೂಂ. ನಾನೇ ಟೋಪಿ ಹಿಡ್ಕೊಂಡಿದ್ದೆ. ತೋಳು ಬಿದ್ದುಹೋಗಿತ್ತು. ಅದಕ್ಕೇನೀಗ?"

ಅವರು ಪೆನ್ನು ಎತ್ತಿಕೊಂಡರು. ಪೆನ್ನಿನ ತುದಿ ಕಾಗದದ ಹತ್ತಿರ ಬಂದು ನಿಂತಿತು. ಕಿಟಕಿಯ ಆಚೆ ಒಂದು ವಿಮಾನ ಹಿಮ್ಮುಖವಾಗಿ ಸರಿಯುತ್ತಿತ್ತು; ಅದನ್ನು ನೂಕುವ ಗಾಡಿ ಇರುವೆಯಷ್ಟು ಚಿಕ್ಕದು. ಇವನು ಕಿವಿಯ ಹಿಂದೆ ಕೆರೆದುಕೊಂಡ.

"ಏನಿಲ್ಲ, ಹಾಗೇ ನೆನಪಾಯ್ತು. ನಾನು ಬಂದಿದ್ದು ರಜೆ ಕೇಳೋಕೆ. ಮುಂದಿನ ತಿಂಗಳು ಹೆರಿಗೆ."

"ಅಷ್ಟೇನಾ! ತಗೋಪ್ಪ, ನಾಲ್ಕು ದಿನ ಜಾಸ್ತೀನೇ ಬರೀತೀನಿ," ಎಂದು ಮೇಡಂ ನಕ್ಕು ಬರೆದುಕೊಂಡರು.

ಅಲ್ಲಿಂದ ಹೊರಬಿದ್ದವನು ಬಟ್ಟೆ ಬದಲಿಸುವ ಕೋಣೆಗೆ ಹೋದ. ಅಲ್ಲಿ ತಮ್ಮ ತನ್ನ ಲಾಕರ್ ಖಾಲಿ ಮಾಡುತ್ತಿದ್ದ. ಬೆಂಚಿನ ಮೇಲೆ ಒಂದು ಜೊತೆ ಬೂಟು, ಮುರಿದ ಕಡ್ಡಿಯ ಛತ್ರಿ, ಹಳೆಯ ನಕ್ಷೆಗಳ ಕಟ್ಟು. ಭುಜದ ಪಟ್ಟಿಗಳನ್ನು ಒಂದರೊಳಗೊಂದು ಮಡಚಿ ಬೂಟಿನೊಳಗೆ ತುರುಕಿದ್ದ.

"ಎಲ್ಲಿಂದ ಬಂದೆ?"

"ಮೇಡಂ ಹತ್ರ ಹೋಗಿದ್ದೆ."

ತಮ್ಮನ ಕೈ ನಿಂತಿತು. ಆ ಉದ್ದನೆಯ ಮುಖದಲ್ಲಿ ಒಂದು ಕ್ಷಣ ಏನೋ ಹೊತ್ತಿಕೊಂಡಿತು. ಬಸ್ಸು ದೂರದಲ್ಲಿ ಕಂಡಾಗ ನಿಲ್ದಾಣದಲ್ಲಿ ಕಾದವರ ಮುಖದಲ್ಲಿ ಹೊತ್ತಿಕೊಳ್ಳುವ ಹಾಗೆ.

"ರಜೆ ಬರೆಸಿ ಬಂದೆ," ಎಂದ ಅಣ್ಣ.

"ಹೌದಾ. ಒಳ್ಳೇದಾಯ್ತು." ತಮ್ಮ ಮತ್ತೆ ಚೀಲಕ್ಕೆ ತುಂಬತೊಡಗಿದ. "ನಮ್ಮಮ್ಮ ಬಡ್ಕೋತಿದ್ಲು, ಉದ್ದ ಬೆಳೆದವನು ಬಗ್ಗೋದು ಕಲೀಬೇಕು ಅಂತ. ಎಲ್ಲಿ ಕೇಳ್ತೀವಿ."

"ಲೋ, ನಾನು..."

"ಬೇಡ ಬಿಡು." ಜಿಪ್ಪು ಅರ್ಧಕ್ಕೆ ಸಿಕ್ಕಿಕೊಂಡಿತು. ಎಳೆದ, ಬರಲಿಲ್ಲ. ಹಾಗೇ ಚೀಲ ಹೆಗಲಿಗೇರಿಸಿದ. "ಮಗು ಆದ್ಮೇಲೆ ಫೋನ್ ಮಾಡು. ಗಂಡಾದ್ರೂ ಸರಿ, ಹೆಣ್ಣಾದ್ರೂ ಸರಿ, ಚಿಕ್ಕಪ್ಪ ಅಂತ ಕಲಿಸಬೇಡ ನನ್ನ. ದೊಡ್ಡಪ್ಪ ಅನ್ನಲಿ."

ಬಾಗಿಲ ಚೌಕಟ್ಟಿಗೆ ತಲೆ ತಾಗದಂತೆ ತುಸು ಬಗ್ಗಿ ಹೊರಗೆ ಹೋದ. ಅಂದು ಅಣ್ಣನನ್ನು ಬಾ ಎಂದು ಕಾರಿಗೆ ಕರೆಯಲಿಲ್ಲ.

ಅಣ್ಣ ತನ್ನ ಲಾಕರಿನ ಮುಂದೆ ಮಂಡಿಯೂರಿ, ಬೂಟು ಕಳಚಿಟ್ಟು, ಬಟ್ಟೆ ಬದಲಿಸಿದ. ಎದ್ದು ನಿಂತಾಗ ಪಕ್ಕದ ಕಂಬದ ತುದಿಯ ಬಾಗಿಲು ತೆರೆದೇ ಇತ್ತು. ಬೀಗವಿಲ್ಲದ ಬಾಗಿಲು, ಫ್ಯಾನಿನ ಗಾಳಿಗೆ ಹೋಗಿ ತಾಗುತ್ತಿತ್ತು, ಮತ್ತೆ ತೆರೆದುಕೊಳ್ಳುತ್ತಿತ್ತು. ಒಳಗೆ ಏನಾದರೂ ಉಳಿದಿದೆಯೇ ಎಂದು ಅವನ ಎತ್ತರಕ್ಕೆ ಕಾಣುತ್ತಿರಲಿಲ್ಲ.

ಅವನು ತುದಿಗಾಲಲ್ಲಿ ನಿಂತು ಕೈ ಎತ್ತಿದ. ತೋಳು ಕಿವಿಗೆ ತಾಗುವಷ್ಟು, ಅಂಗಿ ಸೊಂಟದಿಂದ ಕಿತ್ತು ಮೇಲೆ ಬರುವಷ್ಟು ಎತ್ತಿದ. ಬೆರಳ ತುದಿ ಬಾಗಿಲಿಗೆ ಎಟುಕಿತು. ಮುಚ್ಚಿದ. ಬಿಟ್ಟರೆ ಮತ್ತೆ ತೆರೆದುಕೊಳ್ಳುತ್ತಿತ್ತು. ಹಾಗಾಗಿ ಅದನ್ನು ಒತ್ತಿ ಹಿಡಿದುಕೊಂಡು, ಆ ಖಾಲಿ ಕೋಣೆಯಲ್ಲಿ, ತೋಳು ಸೋತುಹೋಗುವವರೆಗೂ ನಿಂತಿದ್ದ.