ಮುಂಗಡ ಸಾಕ್ಷಿ

ಜಂಗಮಕೋಟೆಯ ಪ್ರಾರ್ಥನಾ ಮನೆಯಲ್ಲಿ ಒಂದು ಪದ್ಧತಿಯಿತ್ತು. ಹಾಡು ಮುಗಿದು ಪಾಸ್ಟರ್ ಪ್ರಸಂಗ ಶುರು ಮಾಡುವ ಮೊದಲು ಯಾರಾದರೂ ಎದ್ದು, ಆ ವಾರ ಕರ್ತನು ತಮಗೆ ಏನು ಮಾಡಿದ ಎಂದು ಸಾಕ್ಷಿ ಹೇಳಬೇಕು. ಹಸು ಕರು ಹಾಕಿದ್ದು, ಮಗನಿಗೆ ಡ್ರೈವಿಂಗ್ ಲೈಸೆನ್ಸ್ ಸಿಕ್ಕಿದ್ದು, ಅತ್ತೆಯ ಬಾಯಿ ಸ್ವಲ್ಪ ತಗ್ಗಿದ್ದು, ಎಲ್ಲವೂ ಅಲ್ಲಿ ಸಾಕ್ಷಿಯೇ. ಹಳೇ ಟ್ರ್ಯಾಕ್ಟರ್ ಶೆಡ್ಡಿಗೆ ಸುಣ್ಣ ಬಳಿದು ಮಾಡಿಕೊಂಡ ಜಾಗ ಅದು. ಪಿಸುಗುಟ್ಟಿದರೂ ಕೊನೆಯ ಸಾಲಿಗೆ ಕೇಳಿಸುತ್ತದೆ. ಅಂಥಲ್ಲಿ ಎರಡು ಸ್ಪೀಕರ್ ಯಾಕೆ ಬೇಕೋ ಆ ದೇವರಿಗೇ ಗೊತ್ತು.

ಮೂರ್ನಾಲ್ಕು ವರ್ಷಗಳಿಂದ ಇದರ ಜೊತೆಗೆ ಇನ್ನೊಂದು ಸೇರಿಕೊಂಡಿತ್ತು. ಬೇಡಿಕೊಂಡದ್ದು ಕೈಗೆ ಸಿಗುವ ಮುಂಚೆಯೇ, ಸಿಕ್ಕಿತು ಎಂದು ಎದ್ದು ಹೇಳುವುದು. ಅದಕ್ಕೆ ಮುಂಗಡ ಸಾಕ್ಷಿ ಎಂದು ಹೆಸರಿಟ್ಟಿದ್ದರು. ಒಮ್ಮೆ ಹೇಳಿದ ಮೇಲೆ ಅದಕ್ಕೆ ಎದುರಾದ ಒಂದು ಮಾತನ್ನೂ ಮನೆಯೊಳಗೆ ಆಡಬಾರದು. ಆಡಿದರೆ ಅದು ಅಪನಂಬಿಕೆ, ಕೊಟ್ಟದ್ದು ಕೈತಪ್ಪಿ ಹೋಗುತ್ತದೆ. ಕೆಲಸಕ್ಕೆ, ಮದುವೆಗೆ, ಬೋರ್‌ವೆಲ್ ನೀರಿಗೆ ಇದು ಹೇಗೋ ನಡೆದುಹೋಗುತ್ತಿತ್ತು. ವೆಂಕಟರತ್ನಮ್ಮ ಅದನ್ನು ಮಗಳ ಪ್ರಾಣಕ್ಕೆ ಹೇಳಿಬಿಟ್ಟಳು.

ಕವಿತ ಅವಳಿಗೆ ಒಬ್ಬಳೇ ಮಗಳು. ಚಿಂತಾಮಣಿಯ ಕಾಲೇಜಿನಲ್ಲಿ ಡಿಗ್ರಿ ಕೊನೆಯ ವರ್ಷದಲ್ಲಿದ್ದಾಗ ರಕ್ತದ ಕ್ಯಾನ್ಸರ್ ಕಾಣಿಸಿಕೊಂಡಿತು. ದೊಡ್ಡಾಸ್ಪತ್ರೆಯವರು ಮಾಡುವುದನ್ನೆಲ್ಲ ಮಾಡಿ, ಇನ್ನು ಮನೆಗೆ ಕರೆದುಕೊಂಡು ಹೋಗಿ, ಆದಷ್ಟು ನೋವಾಗದಂತೆ ನೋಡಿಕೊಳ್ಳಿ ಎಂದರು. ಆ ಭಾನುವಾರವೇ ರತ್ನಮ್ಮ ಮೈಕು ಹಿಡಿದು, ನನ್ನ ಮಗಳು ವಾಸಿಯಾದಳು, ಕರ್ತನಿಗೆ ಸ್ತೋತ್ರ ಎಂದಳು. ಶೆಡ್ಡಿನ ಶೀಟು ಹಾರಿಹೋಗುವ ಹಾಗೆ ಚಪ್ಪಾಳೆ ಬಿತ್ತು.

ಅಲ್ಲಿಂದಾಚೆ ಮನೆಯಲ್ಲಿ ಯಾರೂ ಸಾವಿನ ಮಾತೆತ್ತುವ ಹಾಗಿರಲಿಲ್ಲ, ಸಾಯುತ್ತಿದ್ದವಳೂ ಕೂಡ. ಒಂದು ಸಂಜೆ ಗಂಜಿ ಕುಡಿಸುತ್ತಿದ್ದಾಗ ಕವಿತ ತಾಯಿಯ ಸೆರಗು ಹಿಡಿದುಕೊಂಡು, "ಅಮ್ಮ, ನಾನು ಹೋದ್ಮೇಲೆ..." ಎಂದು ಶುರು ಮಾಡಿದಳು. ರತ್ನಮ್ಮ ಅವಳ ಬಾಯಿಯ ಮೇಲೆ ಕೈಯಿಟ್ಟಳು.

"ಹಂಗನ್ಬಾರ್ದು ಕಣಮ್ಮ. ಸಾಕ್ಷಿ ಕೊಟ್ಟಾಗಿದೆ."

ಕವಿತ ತಲೆಯಾಡಿಸಿದಳು. ಆ ಮಾತನ್ನು ತಾಯಿಯ ಮುಂದೆ ಮತ್ತೆ ಎತ್ತಲಿಲ್ಲ. ಯುಗಾದಿ ಇನ್ನೇನು ಬಂತು ಎನ್ನುವಾಗ ಒಂದು ಬೆಳಿಗ್ಗೆ, ತಾಯಿ ಡೈರಿಗೆ ಹಾಲು ಹಾಕಲು ಹೋಗಿದ್ದ ಹೊತ್ತಿನಲ್ಲಿ, ಅವಳ ಪ್ರಾಣ ಹೋಯಿತು. ವಾಸಿಯಾದ ಮಗಳನ್ನು ಬಿಟ್ಟು ಡೈರಿಗೆ ಹೋಗಲು ಹೆದರಬಾರದಲ್ಲ, ಹೆದರಿದರೆ ಅದೂ ಅಪನಂಬಿಕೆಯೇ ಎಂದುಕೊಂಡು ಹೋಗಿದ್ದಳು ರತ್ನಮ್ಮ. ಖಾಲಿ ಕ್ಯಾನು ಹಿಡಿದುಕೊಂಡು ಬಾಗಿಲಿಗೆ ಬಂದಾಗ ಒಳಗೆ ಗಂಡ ಚೆನ್ನರಾಯಪ್ಪ ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

ಮಣ್ಣು ಮಾಡಿ ಬಂದ ಮೇಲೆ ರತ್ನಮ್ಮನಿಗೆ ಪ್ರಾರ್ಥನೆ ಬರಲಿಲ್ಲ. ಬೇಡವೆಂದು ಬಿಟ್ಟದ್ದಲ್ಲ, ಬಾಯಿಗೇ ಬರಲಿಲ್ಲ. ಈ ದಾರಿಗೆ ಬಂದಾಗಿನಿಂದ ಅವಳು ಕೊಟ್ಟಿಗೆ ಗುಡಿಸುವಾಗಲೂ ಯೇಸುಸ್ವಾಮಿಯ ಜೊತೆ ಮಾತಾಡಿಕೊಂಡೇ ಇದ್ದವಳು. ಹಸು ಒದ್ದರೆ ಅವನಿಗೆ ದೂರು, ಸಾರಿಗೆ ಉಪ್ಪು ಜಾಸ್ತಿಯಾದರೆ ಅವನಿಗೇ ದೂರು. ಈಗ ಆ ಕಡೆ ಬಾಯಿ ತೆರೆದರೆ ಮೂರು ಪ್ರಶ್ನೆಗಳು ಗಂಟಲಿಗೆ ಅಡ್ಡ ಬರುತ್ತಿದ್ದವು. ಅವನು ಇಲ್ಲವೇ ಇಲ್ಲವೋ? ಇದ್ದೂ ಕೇಳಿಸಿಕೊಳ್ಳಲಿಲ್ಲವೋ? ಕೇಳಿಸಿಕೊಂಡು, ನಿನ್ನ ನಂಬಿಕೆ ಸಾಲದು ಹೋಗು ಎಂದನೋ? ಯಾವುದು ನಿಜವಾದರೂ ಸಹಿಸುವಂಥದ್ದಲ್ಲ. ಮಗಳು ಹೋದಳು, ಮಗಳು ಹೋದಳೆಂದು ಹೇಳಿಕೊಳ್ಳಲು ಇದ್ದ ಒಬ್ಬನೂ ಹೋದ.

ಸಮಾಧಾನ ಹೇಳುವವರಿಗೇನೂ ಬರವಿರಲಿಲ್ಲ. ಮನೆದೇವರನ್ನು ಬಿಟ್ಟದ್ದಕ್ಕೆ ಹೀಗಾಯಿತು ಎಂದರು ನೆಂಟರು. ಎಲ್ಲೋ ಒಂದು ಅಪನಂಬಿಕೆಯ ಮಾತು ನಿನ್ನ ಬಾಯಿಂದ ಬಂದಿರಬೇಕು, ನೆನಪು ಮಾಡಿಕೋ ಎಂದಳು ಸಭೆಯ ಶೋಭಾರಾಣಿ. ಎರಡು ಕಡೆಯವರೂ ಕಾಫಿ ಕುಡಿದೇ ಹೋದರು. ರತ್ನಮ್ಮ ನೆನಪು ಮಾಡಿಕೊಂಡಳು. ಒಂದೊಂದು ದಿನವನ್ನೂ ಬಿಚ್ಚಿ ಹುಡುಕಿದಳು. ಅಂಥ ಒಂದು ಮಾತು ಸಿಕ್ಕಿದ್ದರೆ ಅವಳಿಗೆ ನೆಮ್ಮದಿಯೇ ಆಗುತ್ತಿತ್ತೋ ಏನೋ, ಸಿಗಲಿಲ್ಲ. ಭಾನುವಾರ ತಪ್ಪದೆ ಹೋಗಿ ಕೂರುತ್ತಿದ್ದಳು, ತುಟಿ ಮಾತ್ರ ಅಲುಗುತ್ತಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಪಾಸ್ಟರ್ ಜಗನ್ ಮನೆಗೆ ಬಂದ. ಚಿಂತಾಮಣಿ ಕಡೆಯ ಹುಡುಗ, ಮಾತಿನ ಮಧ್ಯೆ ತೆಲುಗು ನುಸುಳುತ್ತದೆ. ಕೆಟ್ಟವನಲ್ಲ. ಕವಿತಳನ್ನು ಮಣ್ಣು ಮಾಡುವಾಗ ಗುಂಡಿಯ ಹತ್ತಿರ ವಾಕ್ಯ ಓದಲಾಗದೆ ಅತ್ತುಬಿಟ್ಟವನು. ಮುಂದಿನ ಭಾನುವಾರ ಸಭೆಯ ವಾರ್ಷಿಕೋತ್ಸವ, ಗೌರಿಬಿದನೂರು, ಶಿಡ್ಲಘಟ್ಟದಿಂದೆಲ್ಲ ವಿಶ್ವಾಸಿಗಳು ಬರುತ್ತಾರೆ, ನೀವು ಎದ್ದು ಎರಡು ಮಾತು ಹೇಳಬೇಕು ಎಂದ. ಏನು ಹೇಳಬೇಕೆನ್ನುವುದನ್ನೂ ಯೋಚಿಸಿಕೊಂಡು ಬಂದಿದ್ದ.

"ಪರಲೋಕದಲ್ಲಿ ಕವಿತ ಪೂರ್ತಿ ವಾಸಿಯಾಗಿದ್ದಾಳೆ ಅಮ್ಮಾ. ಹಂಗಾಗಿ ನಿಮ್ಮ ಸಾಕ್ಷಿ ಸುಳ್ಳಾಗಲಿಲ್ಲ. ಅಷ್ಟು ಹೇಳಿದ್ರೆ ಸಾಕು, ನಂಬಿಕೆಯಲ್ಲಿ ಅಲುಗಾಡ್ತಿರೋರು ನಿಮ್ಮನ್ನ ನೋಡಿ ಗಟ್ಟಿಯಾಗ್ತಾರೆ."

ರತ್ನಮ್ಮ ಹೂಂ ಎಂದಳು. ಅವನು ಹೇಳಿದ್ದು ನಿಜವೇ ಇರಬಹುದು. ಅವಳಿಗೆ ಬೇಕಾದದ್ದು ಮಾತ್ರ ಅದಲ್ಲ.

ಮಧ್ಯಾಹ್ನ ರೇಷ್ಮೆ ಹುಳುಮನೆಯಲ್ಲಿ ಗಂಡನ ಜೊತೆ ಸೊಪ್ಪು ಹಾಕುತ್ತಾ ಇದನ್ನು ಹೇಳಿದಳು. ಚೆನ್ನರಾಯಪ್ಪ ಈ ದಾರಿಗೆ ಬಂದವನಲ್ಲ. ಹಾಗೆಂದು ಅಡ್ಡಿ ಮಾಡಿದವನೂ ಅಲ್ಲ. ಭಾನುವಾರ ಹೆಂಡತಿ ಮಗಳನ್ನು ಟಿವಿಎಸ್‌ನಲ್ಲಿ ಬಿಟ್ಟು, ಮುಗಿಯುವವರೆಗೆ ಟೀ ಅಂಗಡಿಯಲ್ಲಿ ಕೂರುತ್ತಿದ್ದ. ಈಗ ಅವನು ಹಿಪ್ಪುನೇರಳೆ ಕಡ್ಡಿಗಳನ್ನು ಹುಳುಗಳ ಮೇಲೆ ಒಂದು ಸಾಲು ಪೂರ್ತಿ ಹರಡಿದ. ಆಮೇಲೆ ಅವಳ ಮುಖ ನೋಡದೆಯೇ ಹೇಳಿದ.

"ಅವ್ಳು ನಿನ್ನತ್ರ ಹೇಳಕ್ಕಾಗ್ದೆ ನನ್ನತ್ರ ಹೇಳಿದ್ಲು ಕಣೇ."

"ಏನಂತ?"

"ಭಯ ಆಗ್ತದೆ ಅಪ್ಪ ಅಂದ್ಲು. ಭಯಪಟ್ರೆ ಯೇಸಪ್ಪ ಬೇಜಾರು ಮಾಡ್ಕೊಂತಾನಾ, ನನ್ನಿಂದ ಅಮ್ಮನ ಸಾಕ್ಷಿ ಕೆಟ್ಟೋಗ್ತದಾ ಅಂತ ಕೇಳಿದ್ಲು."

ರತ್ನಮ್ಮನ ಕೈ ಸೊಪ್ಪಿನ ಮೇಲೇ ನಿಂತುಹೋಯಿತು. ತಾನು ಮುಚ್ಚಿದ ಬಾಯಿಯೊಳಗೆ ಇದ್ದದ್ದು ಇದು. ಆ ಮಗು ಸಾಯುವುದಕ್ಕೂ ಹೆದರಿ, ಹೆದರಿದ್ದಕ್ಕೂ ಹೆದರಿ, ಎರಡನ್ನೂ ತಾಯಿಯಿಂದ ಬಚ್ಚಿಟ್ಟುಕೊಂಡು ಮಲಗಿತ್ತು. ಒಬ್ಬ ತಾಯಿಗೆ ಇದಕ್ಕಿಂತ ದೊಡ್ಡ ಶಿಕ್ಷೆಯನ್ನು ಯಾವ ದೇವರೂ ಕೊಡಬೇಕಾಗಿಲ್ಲ.

"ನೀವೇನಂದ್ರಿ?" ಎಂದಳು.

"ನಿಮ್ಮ ಶಾಸ್ತ್ರ ನಂಗೇನ್ ಗೊತ್ತು. ಗುಡ್ ಫ್ರೈಡೇ ದಿನ ನೀನು ಜೋರಾಗಿ ಓದ್ತಿದ್ಯಲ್ಲ, ಶಿಲುಬೆಗೆ ಹಾಕಕ್ಕೆ ಹಿಡ್ಕೊಂಡೋಗೋಕ್ ಮುಂಚೆ ಆ ಸ್ವಾಮೀನೂ ತೋಟದಾಗೆ ಬಿದ್ಕೊಂಡು ಬೆವರು ಸುರಿಸ್ದ, ಇದು ನಂಗೆ ಬೇಡಪ್ಪ ಅಂತ ಬೇಡ್ಕೊಂಡ ಅಂತ. ಅದೇ ನೆನಪಾಯ್ತು. ಅವನಿಗೇ ಭಯ ಆಗಿತ್ತಂತೆ ಕಣಮ್ಮ, ನಿನ್ನ ಯಾಕೆ ಬೈತಾನೆ ಅಂದೆ. ಅಷ್ಟು ಕೇಳಿ ನಿದ್ದೆ ಹೋದ್ಲು."

ಹೇಳಿ ಮುಗಿಸಿ ಅವನು ಇನ್ನೊಂದು ಹೊರೆ ಸೊಪ್ಪು ತರಲು ಹೊರಗೆ ಹೋದ. ಹೊರಗೆ ಅವನು ಅಳುವುದು ಅವಳಿಗೆ ಕೇಳಿಸಿತು. ರತ್ನಮ್ಮ ನೆಲದ ಮೇಲೆ ಕೂತಳು. ಪ್ರತಿ ವರ್ಷ ಅದನ್ನು ಓದುತ್ತಿದ್ದವಳು ಅವಳೇ. ಓದಿ, ಬೇಗ ಬೇಗ ದಾಟಿ, ಸ್ವಾಮಿ ಸಮಾಧಿಯಿಂದ ಎದ್ದುಬಂದ ಭಾನುವಾರಕ್ಕೆ ಓಡುತ್ತಿದ್ದವಳೂ ಅವಳೇ. ಆ ತೋಟದಲ್ಲಿ ಯಾರೂ ಮುಂಗಡ ಸಾಕ್ಷಿ ಕೊಟ್ಟಿರಲಿಲ್ಲ. ಅಲ್ಲಿ ಸ್ವಾಮಿ ಬೇಡಿಕೊಂಡದ್ದೂ ಸಿಕ್ಕಿರಲಿಲ್ಲ. ಹಾಗಾದರೆ ಸಿಗದೆ ಹೋದವರ ಸಂಕಟ ಅವನಿಗೆ ಗೊತ್ತಿದೆ. ಹೀಗೆಂದುಕೊಂಡರೂ ಎದೆಯ ಭಾರ ಇಳಿಯಲಿಲ್ಲ. ಅವನನ್ನು ಕೇಳಬೇಕಾದ ಮಾತೊಂದು ಮಾತ್ರ ಗಂಟಲವರೆಗೆ ಬಂದು ಕೂತಿತು.

ವಾರ್ಷಿಕೋತ್ಸವದ ದಿನ ಶೆಡ್ಡು ತುಂಬಿ, ಹೊರಗೂ ಶಾಮಿಯಾನ ಹಾಕಿದ್ದರು. ಜಗನ್ ಅವಳ ಹೆಸರು ಕರೆದು ಮೈಕು ಕೊಟ್ಟ. ರತ್ನಮ್ಮ ಜನರ ಕಡೆ ನೋಡಿದಳು.

"ನನ್ನ ಮಗಳು ವಾಸಿಯಾಗಲಿಲ್ಲ," ಎಂದಳು. "ಸತ್ತೋದ್ಲು. ಅವ್ಳಿಗೆ ಭಯ ಆಗಿತ್ತು, ಹೇಳ್ಕೊಳಕ್ಕೆ ನಾನು ಬಿಡ್ಲಿಲ್ಲ."

ಜಗನ್ ಮೈಕಿಗೆ ಕೈ ಚಾಚಿದವನು, ಅವಳ ಮುಖ ನೋಡಿ ಹಿಂದೆ ಸರಿದ. ರತ್ನಮ್ಮ ಮೈಕನ್ನು ತಾನೇ ಕುರ್ಚಿಯ ಮೇಲಿಟ್ಟಳು. ಇನ್ನು ಆಡುವ ಮಾತು ಜನಕ್ಕಲ್ಲ. ಅವಳು ಕಣ್ಣು ಮುಚ್ಚಲಿಲ್ಲ, ಕೈಯನ್ನೂ ಜೋಡಿಸಲಿಲ್ಲ. ಹಸು ಒದ್ದಾಗ ದೂರು ಹೇಳುತ್ತಿದ್ದ ಅದೇ ದನಿಯಲ್ಲಿ ಕೇಳಿದಳು.

"ಅವತ್ತು ಬೆಳಿಗ್ಗೆ ನಾನು ಅವಳತ್ರ ಇರ್ಲಿಲ್ಲ ಸ್ವಾಮಿ. ನೀನಾದ್ರೂ ಇದ್ದೆಯಾ?"

ಯಾರೂ ಆಮೆನ್ ಎನ್ನಲಿಲ್ಲ. ಮೇಲಿನಿಂದಲೂ ಏನೂ ಕೇಳಿಸಲಿಲ್ಲ. ಶೋಭಾರಾಣಿ ಮೆಲ್ಲಗೆ ಸೀರೆಯ ಚುಂಗು ಎಳೆದು, ಕೂತ್ಕೋ ರತ್ನಮ್ಮ ಎಂದಳು. ರತ್ನಮ್ಮ ಕೂರಲಿಲ್ಲ. ಕೇಳಿದ್ದು ಅವನಿಗೆ ಕೇಳಿಸಿದೆ, ಉತ್ತರ ಕೊಡಬೇಕಾದವನು ಅವನೇ ಎಂದು ಕಾಯುತ್ತಾ ನಿಂತೇ ಇದ್ದಳು.