ನೆರಿಸ್ ಬಾಗಿಲಿನ ಕೋಸು

ಒಬ್ಬ ಹೆಂಗಸಿನ ಹೊಟ್ಟೆಕಿಚ್ಚನ್ನು ಅವಳ ಬೆನ್ನ ಹಿಂದೆ ಕತೆ ಮಾಡಿ ಹೇಳುವುದು ಮರ್ಯಾದಸ್ಥರ ಕೆಲಸವಲ್ಲ. ಗೊತ್ತಿದ್ದೂ ಹೇಳಹೊರಟದ್ದಕ್ಕೆ ಕೇಳುವವರು ಕ್ಷಮಿಸಬೇಕು. ಎಲ್ಲಾದರೂ ಅಳತೆ ತಪ್ಪಿದರೆ ಆ ತಪ್ಪು ಹೇಳಿದವರದು, ಬೆರಿಲ್‌ಳದಲ್ಲ.

ಅವತ್ತು ಶುಕ್ರವಾರ. ಬ್ರೆಡ್ಡಿನ ವ್ಯಾನು ಚೌಕದಲ್ಲಿ ಹಾರನ್ ಹೊಡೆದಾಗ ಬೆರಿಲ್ ಬಟ್ಟೆಯ ಚೀಲ ಹಿಡಿದು ಮನೆಯಿಂದ ಇಳಿದಳು. ಚೌಕಕ್ಕೆ ಹೋಗಲು ಎರಡು ದಾರಿಗಳಿದ್ದವು. ಹತ್ತಿರದ ದಾರಿ ಬಿಟ್ಟು ಅವಳು ನೆರಿಸ್‌ಳ ಮನೆ ಮುಂದಿನ ದಾರಿಯನ್ನೇ ಹಿಡಿದಳು. ಹುಳುಕು ಹಲ್ಲಿಗೆ ನಾಲಿಗೆ ಹೋಗುವ ಹಾಗೆ ಕಾಲು ತಾನಾಗಿ ಅತ್ತ ಹೋಗುತ್ತಿತ್ತು.

ನೆರಿಸ್‌ಳ ಬಾಗಿಲ ಹಿಡಿಕೆಗೆ ನೀಲಿ ಪ್ಲಾಸ್ಟಿಕ್ ಚೀಲ ನೇತುಹಾಕಿತ್ತು. ಚೀಲದ ಬಾಯಿಂದ ಕೋಸಿನ ಎಲೆಗಳು ಆನೆಕಿವಿಯಂತೆ ಹೊರಗೆ ಚಾಚಿದ್ದವು. ಕೆಳಗೆ ಗಟ್ಟಿಯಾಗಿ ಇನ್ನೇನೋ ಇತ್ತು, ದಾಳಿಂಬೆ ಇರಬೇಕು. ಈ ವಾರದಲ್ಲಿ ಇದು ಮೂರನೆಯ ಚೀಲ. ಗಂಟು ಹಾಕಿದ ರೀತಿಯಲ್ಲೇ ಬೆರಿಲ್‌ಗೆ ಗೊತ್ತಾಯಿತು, ಇದು ಪಕ್ಕದ ತೋಟದ ಇದಾಲಿನಾಳ ಕೈ. ಒಂದು ಕಾಲದಲ್ಲಿ ಆ ಗಂಟನ್ನು ಬೆರಿಲ್ ತನ್ನ ಬಾಗಿಲಲ್ಲೇ ಬಿಚ್ಚುತ್ತಿದ್ದಳಲ್ಲ!

ಬೆರಿಲ್ ಮತ್ತು ಅವಳ ಗಂಡ ಕ್ಲೈವ್ ಇಂಗ್ಲೆಂಡಿನ ಮನೆ ಮಾರಿ ಪೋರ್ಚುಗಲ್‌ನ ಒಳನಾಡಿನ ಈ ಪುಟ್ಟ ಊರಿಗೆ, ವಾಲ್‌ಮೋರೆಲ್‌ಗೆ ಬಂದು ನಾಲ್ಕನೆಯ ವರ್ಷ ನಡೆಯುತ್ತಿತ್ತು. ಬರುವ ಮೊದಲು ಬೆರಿಲ್ ಎರಡು ಚಳಿಗಾಲ ಸಂಜೆ ತರಗತಿಗೆ ಹೋಗಿ ಪೋರ್ಚುಗೀಸ್ ಕಲಿತಿದ್ದಳು. ಕ್ರಿಯಾಪದಗಳಿಗೆಂದೇ ಮೂರು ನೋಟ್‌ಬುಕ್ ತುಂಬಿಸಿದ್ದಳು. ಶಾಲೆಯ ಕಚೇರಿಯಲ್ಲಿ ಇಪ್ಪತ್ತಾರು ವರ್ಷ ಗುಮಾಸ್ತೆಯಾಗಿದ್ದವಳು. ಒಂದು ಕಾಗುಣಿತ ತಪ್ಪಿದರೂ ರಾತ್ರಿ ನಿದ್ದೆ ಬರದ ಜಾತಿ. ಮೊದಲ ಎರಡೂವರೆ ವರ್ಷ ಇದಾಲಿನಾ ಅವಳ ಬಾಗಿಲಿಗೆ ಕೋಸು, ಮೊಟ್ಟೆ, ಮೂಲಂಗಿ ಸೊಪ್ಪು ಕಟ್ಟಿ ಹೋಗುತ್ತಿದ್ದಳು. ಬಾಗಿಲು ತಟ್ಟುತ್ತಿರಲಿಲ್ಲ, ಚೀಟಿಯೂ ಇಡುತ್ತಿರಲಿಲ್ಲ. ಒಂದು ದಿನ ಅದು ನಿಂತುಹೋಯಿತು. ಜಗಳವಿಲ್ಲ, ಮಾತು ಬಿಟ್ಟದ್ದೂ ಇಲ್ಲ. ಸಿಕ್ಕಿದರೆ ಇದಾಲಿನಾ ತಲೆಬಾಗಿ "ನಮಸ್ಕಾರ, ಸೆನ್ಯೋರಾ ಬೆರಿಲ್" ಎನ್ನುತ್ತಿದ್ದಳು, ಬ್ಯಾಂಕಿನ ಮ್ಯಾನೇಜರಿಗೆ ಹೇಳುವ ಹಾಗೆ.

ಆಮೇಲೆ ನೆರಿಸ್ ಬಂದಳು. ವೇಲ್ಸ್‌ನವಳು, ವಿಧವೆ, ಮೀನು ಕರಿಯುವ ಅಂಗಡಿ ನಡೆಸಿದ ದಪ್ಪ ತೋಳಿನ ಹೆಂಗಸು. ಅವಳ ಪೋರ್ಚುಗೀಸನ್ನು ಕೇಳಿದರೆ ಬೆರಿಲ್‌ಗೆ ಕಲ್ಲು ಕಡಿದಂತಾಗುತ್ತಿತ್ತು. ಕ್ರಿಯಾಪದವೇ ಇಲ್ಲ, ಬರೀ ಕೈ, ಕಣ್ಣು, ನಗು. ಅಂಥವಳನ್ನು ಇಡೀ ಊರು ಎತ್ತಿ ಆಡಿಸುತ್ತಿತ್ತು.

ಚೌಕದಲ್ಲಿ ವ್ಯಾನಿನ ಮುಂದೆ ನಾಲ್ಕೈದು ಹೆಂಗಸರು ನಿಂತಿದ್ದರು. ನೆರಿಸ್ ನಡುವೆ ನಿಂತು ಎರಡೂ ಕೈ ಎತ್ತಿ ಏನನ್ನೋ ಅಭಿನಯಿಸುತ್ತಿದ್ದಳು.

"ನಾನು ಮರ. ಮರ ನಾನು. ಬಿದ್ದೆ!" ಎಂದಳು.

"ಮರ ಬಿತ್ತೋ, ನೀನು ಮರದಿಂದ ಬಿದ್ಯೋ, ಮಗಳೇ?" ಎಂದು ಇದಾಲಿನಾ ಕಣ್ಣೊರೆಸಿಕೊಂಡು ನಕ್ಕಳು. "ನೀನು ಬಿದ್ದಿದ್ರೆ ಇಷ್ಟೊತ್ತಿಗೆ ಊರಲ್ಲಿ ಭೂಕಂಪ ಆಗ್ಬೇಕಿತ್ತು!"

'ಮಗಳೇ' ಎಂಬ ಮಾತು ಬೆರಿಲ್‌ಳ ಎದೆಯಲ್ಲಿ ಮುಳ್ಳಿನಂತೆ ಚುಚ್ಚಿತು. ಇದಾಲಿನಾಗೆ ಎಪ್ಪತ್ತೆರಡು, ನೆರಿಸ್‌ಗೆ ಅರವತ್ತನಾಲ್ಕು. ಎಂಟು ವರ್ಷಕ್ಕೆ ಮಗಳಂತೆ.

ಇದಾಲಿನಾ ಬ್ರೆಡ್ಡು ಕಂಕುಳಲ್ಲಿಟ್ಟುಕೊಂಡು ಹೊರಡುತ್ತಾ, ಹೋಗುವ ದಾರಿಯಲ್ಲಿ ಮಾತು ಒಗೆದ ಹಾಗೆ, "ಮಂಗಳವಾರ ನಮ್ಮ ಕೆಳಗಿನ ತೋಟ" ಎಂದಳು. ಆಲಿವ್ ಕೊಯ್ಲಿನ ಕಾಲ, ಉದ್ದ ಗಳದಿಂದ ಕೊಂಬೆ ಬಡಿದು ಕಾಯಿ ಉದುರಿಸುವುದು. ಯಾರಿಗೆ ಹೇಳಿದಳೆಂದು ಗೊತ್ತಾಗಲಿಲ್ಲ, ಗಾಳಿಗೆ ಹೇಳಿದಂತಿತ್ತು. ಬೆರಿಲ್‌ಳನ್ನು ದಾಟುವಾಗ ಮಾತ್ರ ನಿಂತು, "ನಮಸ್ಕಾರ, ಸೆನ್ಯೋರಾ ಬೆರಿಲ್. ನಿಮ್ಮ ಯಜಮಾನರ ಸೊಂಟ ಹೇಗಿದೆ?" ಎಂದಳು.

"ವಂದನೆಗಳು, ಮೊದಲಿಗಿಂತ ಉತ್ತಮವಾಗಿದೆ" ಎಂದಳು ಬೆರಿಲ್, ತಪ್ಪಿಲ್ಲದ ವ್ಯಾಕರಣದಲ್ಲಿ.

ಇದಾಲಿನಾ ಹೋದ ಮೇಲೆ ನೆರಿಸ್ ಬೆರಿಲ್‌ಳ ತೋಳು ಹಿಡಿದಳು. "ಅಮ್ಮಾ ತಾಯಿ, ಸ್ವಲ್ಪ ಕಾಪಾಡು. ಯಾವ ದಿನ ಅಂದ್ಲು ಅವಳು? ಮಂಗಳವಾರಾನಾ, ಗುರುವಾರಾನಾ? ಇಲ್ಲಿ ವಾರದ ಹೆಸರಿಗೂ ಮೂರನೇದು ಐದನೇದು ಅಂತ ನಂಬರ್ ಹಾಕಿ ಇಟ್ಟಿದಾರಲ್ಲೇ, ನನಗೆ ತಲೆಗೇ ಹೋಗಲ್ಲ."

"ಯಾಕೆ, ನಿಮ್ಮನ್ನ ಕರೆದಿದಾರಾ?"

"ಕರೆಯೋದೇನು ಬಂತು? ಇಲ್ಲಿ ಯಾರು ಯಾರನ್ನ ಕರೀತಾರೆ? ಹೋದ ಶನಿವಾರ ನನ್ನ ನಾಲ್ಕು ಮರ ಬಡಿದುಕೊಟ್ರಲ್ಲ. ಗಳ ತಗೊಂಡು ಹೋಗೋದು, ಅಷ್ಟೆ."

ಹೌದು, ಆ ಶನಿವಾರ ಬೆರಿಲ್ ಕಂಡಿದ್ದಳು. ಕಿಟಕಿಯ ಪರದೆಯ ಹಿಂದೆ ನಿಂತು ಕಂಡಿದ್ದಳು. ನಾಲ್ಕು ಮರಕ್ಕೆ ಆರು ಜನ. ತನ್ನ ಹದಿನಾಲ್ಕು ಮರಗಳು ಕಾಯಿ ತುಂಬಿಕೊಂಡು, ಮದುವೆಗೆ ಕರೆಯದ ನೆಂಟರ ಹಾಗೆ ಬೇಲಿಯಾಚೆ ನಿಂತಿದ್ದವು. ಕ್ಲೈವ್‌ನ ಸೊಂಟಕ್ಕೆ ಗಳ ಎತ್ತಲಾಗದು. ಈ ವರ್ಷ ಇದಾಲಿನಾ ಬರುತ್ತಾಳೋ ಇಲ್ಲವೋ ಎಂಬ ಒಂದೇ ಪ್ರಶ್ನೆ ತಿಂಗಳಿಂದ ಅವಳ ಹೊಟ್ಟೆಯಲ್ಲಿ ಕೂತಿತ್ತು. ಎಣ್ಣೆಯ ಚಿಂತೆಯಲ್ಲ, ಎಣ್ಣೆ ಅಂಗಡಿಯಲ್ಲೂ ಸಿಗುತ್ತದೆ. ಇದಾಲಿನಾ ಬರದಿದ್ದರೆ ಈ ಊರಿಗೆ ಬಂದದ್ದೇ ಸುಳ್ಳಾದಂತೆ ಎನಿಸುತ್ತಿತ್ತು.

ಬೆರಿಲ್‌ಳ ಬಾಯಿ, ಬೆರಿಲ್‌ಳನ್ನು ಕೇಳದೆಯೇ, "ಗುರುವಾರ" ಎಂದಿತು.

"ಗುರುವಾರ! ದೇವರು ನಿನ್ನ ಚೆನ್ನಾಗಿಟ್ಟಿರಲಿ" ಎಂದು ನೆರಿಸ್ ಅವಳ ಕೆನ್ನೆ ಹಿಂಡಿ ಹೋದಳು.

ಮನೆಗೆ ಬಂದು ಬೆರಿಲ್ ಬ್ರೆಡ್ಡನ್ನು ಮೇಜಿನ ಮೇಲೆ ಎಸೆದಳು. ಕ್ಲೈವ್ ರೇಡಿಯೋ ಸಣ್ಣಗೆ ಮಾಡಿದ.

"ಮತ್ತೆ ಕೋಸಾ?" ಎಂದ.

"ಮೂರನೇದು. ಅವಳು ಬಂದು ಇದಾಲಿನಾನ ಕಿತ್ಕೊಂಡಳು, ಕ್ಲೈವ್. ನಾವು ಬೆಳೆಸಿದ ಸ್ನೇಹಾನ ಬಂದ ಎಂಟು ತಿಂಗಳಲ್ಲಿ ಕಿತ್ಕೊಂಡಳು."

"ನೆರಿಸ್ ಬಂದಿದ್ದು ಮಾರ್ಚಲ್ಲಿ ಕಣೇ. ಕೋಸು ನಿಂತಿದ್ದು ಹೋದ ನವೆಂಬರಲ್ಲಿ. ಇಲ್ಲದೇ ಇದ್ದೋಳು ಹ್ಯಾಗೆ ಕಿತ್ಕೋತಾಳೆ?"

ಬೆರಿಲ್ ರೇಡಿಯೋ ಮತ್ತೆ ಜೋರು ಮಾಡಿದಳು. ಹೊಟ್ಟೆಕಿಚ್ಚಿಗೆ ಕ್ಯಾಲೆಂಡರ್ ತೋರಿಸುವ ಗಂಡಸಿನ ಜೊತೆ ಏನು ಮಾತು?

ಮೂರು ದಿನ ಅವಳಿಗೆ ಊಟ ಸೇರಲಿಲ್ಲ. ನೆರಿಸ್‌ಳ ಮನೆಗೆ ಹೋಗಿ ತಿದ್ದಿ ಹೇಳಬೇಕೆಂದು ಎರಡು ಸಲ ಕೋಟು ಹಾಕಿಕೊಂಡಳು. ಒಂದು ಸಲ ಗೇಟಿನವರೆಗೂ ಹೋದಳು. ಹಿಡಿಕೆಗೆ ಆಗ ಹೊಸ ಚೀಲ ಕಟ್ಟಿತ್ತು. ಈ ಸಲ ಮೊಟ್ಟೆ. ಹಾಗೇ ತಿರುಗಿ ಬಂದಳು.

ಮಂಗಳವಾರ ಬೆಳಗ್ಗೆ ಮಂಜು ಇನ್ನೂ ಕರಗದಿರುವಾಗಲೇ ಗಳದಿಂದ ಕೊಂಬೆ ಬಡಿಯುವ ಸದ್ದು ಕೆಳಗಿನ ತೋಟದಿಂದ ಕೇಳಿತು. ಬೆರಿಲ್ ಕೊಟ್ಟಿಗೆಯಿಂದ ಗಳ ತೆಗೆದಳು. ಕರೆಯದ ಮನೆಗೆ ಹೋಗುವುದು ಅವಳ ರಕ್ತದಲ್ಲೇ ಇರಲಿಲ್ಲ. ಅರವತ್ತಮೂರು ವರ್ಷದಲ್ಲಿ ಒಮ್ಮೆಯೂ ಹೇಳದೆ ಯಾರ ಬಾಗಿಲನ್ನೂ ಅವಳು ತಟ್ಟಿದವಳಲ್ಲ. ಆದರೆ ಇವತ್ತು ನೆರಿಸ್ ಅಲ್ಲಿರುವುದಿಲ್ಲ, ನೆರಿಸ್‌ಳ ಜಾಗ ಖಾಲಿ ಇರುತ್ತದೆ ಎಂಬುದು ಅವಳನ್ನು ಕತ್ತು ಹಿಡಿದು ದಬ್ಬಿತು.

ಮರಗಳ ಕೆಳಗೆ ಹಸಿರು ಬಲೆ ಹಾಸಿತ್ತು. ಇದಾಲಿನಾ, ಅವಳ ಗಂಡ ಅರ್ಮಿಂದೋ, ಇನ್ನೂ ಮೂವರು ಕೆಲಸದಲ್ಲಿದ್ದರು. ಬೆರಿಲ್‌ಳನ್ನು ಕಂಡು ಬಡಿತ ನಿಂತಿತು.

"ನಮಸ್ಕಾರ" ಎಂದಳು ಬೆರಿಲ್. ಮೂರು ನೋಟ್‌ಬುಕ್ಕಿನಲ್ಲಿ ಮುಂದಿನ ವಾಕ್ಯ ಸಿಗಲಿಲ್ಲ. ಗಳ ಎತ್ತಿ ತೋರಿಸಿದಳು, ಥೇಟು ನೆರಿಸ್‌ಳ ಹಾಗೆ.

ಅರ್ಮಿಂದೋ ಹೆಂಡತಿಯನ್ನು ನೋಡಿದ. ಇದಾಲಿನಾ ಬೆರಿಲ್‌ಳ ಬೂಟು ನೋಡಿದಳು, ಗಳ ನೋಡಿದಳು.

"ಒಂದು ವರ್ಷ ತಡ ಮಾಡಿದ್ರಿ, ಸೆನ್ಯೋರಾ ಬೆರಿಲ್" ಎಂದಳು. "ಇರಲಿ. ಆ ಮೂಲೆ ಮರ ಹಿಡ್ಕೊಳ್ಳಿ."

ಒಂದು ವರ್ಷ ತಡ. ಬೆರಿಲ್ ಕೊಂಬೆ ಬಡಿಯುತ್ತಾ ಆ ಮಾತನ್ನೇ ಅಗಿದಳು. ಮೂರನೇ ಮರಕ್ಕೆ ಬರುವ ಹೊತ್ತಿಗೆ ಕಳೆದ ನವೆಂಬರ್ ನೆನಪಾಯಿತು. ಇದೇ ಐದು ಜನ ಅವಳ ಹದಿನಾಲ್ಕು ಮರಗಳನ್ನು ಒಂದೇ ದಿನಕ್ಕೆ ಮುಗಿಸಿಕೊಟ್ಟಿದ್ದರು. ಸಂಜೆ ಬೆರಿಲ್ ಪ್ರತಿಯೊಬ್ಬರಿಗೂ ಒಂದೊಂದು ಇಂಗ್ಲಿಷ್ ಬಿಸ್ಕತ್ತಿನ ಡಬ್ಬಿ ಕೊಟ್ಟಿದ್ದಳು, ಕೆಂಪು ಕೋಟಿನ ಸಿಪಾಯಿಯ ಚಿತ್ರವಿದ್ದದ್ದು, ರಿಬ್ಬನ್ ಕಟ್ಟಿ. ಇದಾಲಿನಾ ಹೊರಡುವಾಗ "ನಾಳೆ ನಮ್ಮದು" ಎಂದಿದ್ದಳು. ಬೆರಿಲ್‌ಗೆ ಮಾತು ಪೂರ್ತಿ ಅರ್ಥವಾಗಿತ್ತು. "ಒಳ್ಳೆಯದಾಗಲಿ, ಮಳೆ ಬರದಿರಲಿ" ಎಂದು ಅಚ್ಚುಕಟ್ಟಾಗಿ ಹಾರೈಸಿದ್ದಳು. ಮರುದಿನ ಕಿಟಕಿಯಲ್ಲಿ ಕೂತು ಬಡಿತದ ಸದ್ದು ಕೇಳುತ್ತಾ, ಯಾರಾದರೂ ಕರೆಯಬಾರದೇ ಎಂದು ಸಂಜೆಯವರೆಗೆ ಕಾದಿದ್ದಳು.

ಮುಯ್ಯಾಳು. ಇವತ್ತು ನಿನ್ನ ತೋಟಕ್ಕೆ ನಾನು, ನಾಳೆ ನನ್ನ ತೋಟಕ್ಕೆ ನೀನು. ಊರಲ್ಲಿ ಮೂಗು ಸೋರುವ ಮಕ್ಕಳಿಗೂ ಗೊತ್ತಿದ್ದ ಸಂಗತಿ. ಅವರ ಒಂದು ದಿನದ ಬೆವರನ್ನು ಅವಳು ಬಿಸ್ಕತ್ತು ಕೊಟ್ಟು ಚುಕ್ತಾ ಮಾಡಿ ಬಾಗಿಲು ಹಾಕಿಕೊಂಡಿದ್ದಳು. ಬೆರಿಲ್‌ಳ ಕಿವಿ ಬಿಸಿಯಾಯಿತು. ಜೊತೆಗೇ ಇನ್ನೊಂದು ಉರಿ ಎದ್ದಿತು: ಕ್ರಿಯಾಪದ ಬಾರದ ಆ ನೆರಿಸ್‌ಗೆ ಇದು ಹೇಗೆ ಗೊತ್ತಾಯಿತು?

ಮಧ್ಯಾಹ್ನ ಮರದ ಕೆಳಗೆ ಹಲಗೆ ಹಾಕಿದರು. ಉಪ್ಪುಮೀನು, ಬೇಯಿಸಿದ ಆಲೂಗಡ್ಡೆ, ಅದೇ ಕೋಸು. ಪಾತ್ರೆಯ ಮುಚ್ಚಳ ತೆಗೆದಾಗ ಹಬೆ ಎದ್ದಿತು. ಇದಾಲಿನಾ ತಟ್ಟೆ ಜೋಡಿಸಿದಳು. ಕೂತವರು ಆರು ಜನ, ತಟ್ಟೆ ಏಳು.

"ನೆರಿಸ್ ಎಲ್ಲಿ?" ಎಂದ ಅರ್ಮಿಂದೋ.

"ಬರ್ತಾಳೆ. ಅವಳು ಬರದೇ ಇರೋಳಲ್ಲ" ಎಂದು ಇದಾಲಿನಾ ಏಳನೆಯ ತಟ್ಟೆಯ ಮೇಲೆ ಬಟ್ಟೆ ಮುಚ್ಚಿದಳು. ಎಲ್ಲರೂ ತಿನ್ನತೊಡಗಿದರು. ಸ್ವಲ್ಪ ಹೊತ್ತಿನ ಮೇಲೆ ಅವಳು ದಾರಿಯತ್ತ ನೋಡಿ ತನಗೆ ತಾನೇ ಎಂಬಂತೆ, "ಹೊರಗಿಂದ ಬಂದೋರು ಎಲ್ಲಾ ಒಂದೇ ಬಟ್ಟೇಲಿ ಹೊಲಿದೋರೋ ಏನೋ" ಎಂದಳು. "ಹೋದ ವರ್ಷಾನೂ ಒಂದು ತಟ್ಟೆ ಹೀಗೇ ಉಳೀತು. ಮೀನು ನಾಯಿಗೆ ಹಾಕ್ದೆ."

ಬೆರಿಲ್ ಚಮಚ ಕೆಳಗಿಟ್ಟಳು. ಹೋದ ವರ್ಷದ ತಟ್ಟೆ ಯಾರದೆಂದು ಯಾರೂ ಹೇಳಬೇಕಾಗಿರಲಿಲ್ಲ. ಈಗ ತಾನು ಸುಮ್ಮನೆ ಕೂತರೆ ಸಾಕು. ಸಂಜೆಯೊಳಗೆ ನೆರಿಸ್ ಕೂಡ ಸೆನ್ಯೋರಾ ನೆರಿಸ್ ಆಗುತ್ತಾಳೆ. ಬರುವ ವಾರ ಆ ಹಿಡಿಕೆಯೂ ಖಾಲಿ. ಬೇಕೆಂದದ್ದೇ ಅಂಗೈಗೆ ಬಂದು ಕೂತಿತ್ತು. ಆದರೆ ಆ ಬಟ್ಟೆ ಮುಚ್ಚಿದ ತಟ್ಟೆ ಅವಳನ್ನೇ ನೋಡುತ್ತಿತ್ತು.

"ನಾನು ಅವಳಿಗೆ ಗುರುವಾರ ಅಂತ ಹೇಳಿದೆ" ಎಂದಳು.

"ತಪ್ಪಿ ಹೇಳಿದ್ರಾ?" ಎಂದು ಇದಾಲಿನಾ ಕೇಳಿದಳು.

ಹೌದು ಎನ್ನಬಹುದಿತ್ತು. "ಇಲ್ಲ. ಗೊತ್ತಿದ್ದೇ ಹೇಳಿದೆ" ಎಂದಳು ಬೆರಿಲ್. "ನೀವು ಅವಳ ಬಾಗಿಲಿಗೆ ಕೋಸು ಕಟ್ತೀರಿ."

ಅರ್ಮಿಂದೋ ಕೆಮ್ಮಿ, ವೈನಿನ ಜಗ್ಗನ್ನು ಕಾರಣವಿಲ್ಲದೆ ಆಚೆ ಸರಿಸಿದ.

"ಕೋಸಿಗಾ?" ಎಂದಳು ಇದಾಲಿನಾ. ದನಿ ಏರಿತು. "ಬುದ್ಧಿ ಇದ್ಯೇನೇ ನಿಂಗೆ? ಇಷ್ಟು ವಯಸ್ಸಾಗಿದೆ, ಪುಸ್ತಕ ಓದ್ತೀಯ, ಒಂದು ಕೋಸಿನ ಎಲೆಗೆ ಇಷ್ಟು ಕೆಟ್ಟ ಕೆಲಸ ಮಾಡ್ತೀಯಲ್ಲ! ಏಳು. ಹೋಗಿ ಕರ್ಕೊಂಡು ಬಾ ಅವಳನ್ನ. ಮೀನು ಆರಿದ್ರೆ ನಿನ್ನ ತಲೆ ಮೇಲೆ ಸುರೀತೀನಿ."

ಬೆರಿಲ್ ಎದ್ದಳು. ದಾರಿಯ ಅರ್ಧಕ್ಕೆ ಬಂದ ಮೇಲಷ್ಟೇ ಹೊಳೆಯಿತು: ನಾಲ್ಕು ವರ್ಷದಲ್ಲಿ ಇದಾಲಿನಾ ಅವಳನ್ನು ಹೀಗೆ ಏಕವಚನದಲ್ಲಿ ಬೈದದ್ದು ಇದೇ ಮೊದಲು. ಅಳು ಬಂತು. ಕಾಲು ಮಾತ್ರ ನಿಲ್ಲಲಿಲ್ಲ.

ನೆರಿಸ್ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು.

"ಇವತ್ತೇ" ಎಂದಳು ಬೆರಿಲ್, ಏದುಸಿರು ಬಿಡುತ್ತಾ. "ಮಂಗಳವಾರವೇ ಹೇಳಿದ್ದು ಅವರು. ನಾನು ನಿಮಗೆ ಗುರುವಾರ ಅಂದೆ. ತಟ್ಟೆ ಇಟ್ಟಿದಾರೆ."

ನೆರಿಸ್ ಬಾಯಲ್ಲಿದ್ದ ಕ್ಲಿಪ್ಪು ತೆಗೆದಳು. ಬೆರಿಲ್‌ಳ ಮುಖವನ್ನು ಒಂದು ಗಳಿಗೆ ದಿಟ್ಟಿಸಿದಳು. ಅಂಗಡಿ ನಡೆಸಿದವಳು, ಎಷ್ಟೋ ಜನರ ಮುಖ ಓದಿದವಳು.

"ಅಯ್ಯೋ, ಹಸಿವೇನೋ ಆಗಿದೆ ಕಣೇ" ಎಂದಳು. "ನಡಿ, ಗಳ ತಗೋತೀನಿ."

ಗುರುವಾರ ಬೆರಿಲ್‌ಳ ಹದಿನಾಲ್ಕು ಮರಗಳಿಗೆ ಆರು ಜನ ಬಂದರು. ಯಾರನ್ನೂ ಕರೆದಿರಲಿಲ್ಲ. ಇದಾಲಿನಾ ಬರುವಾಗಲೇ ಕೂಗಿದಳು: "ಈ ಸಲ ಬಿಸ್ಕತ್ತು ಕೊಟ್ರೆ ಡಬ್ಬೀಲಿ ಹೊಡೀತೀನಿ ನೋಡು! ಹೋದ ಸಲದ ಡಬ್ಬೀಲಿ ಅಂಗಿ ಗುಂಡಿ ಹಾಕಿಟ್ಟಿದೀನಿ." ಬೆರಿಲ್ ನಕ್ಕಳು. ನೆರಿಸ್ ಇನ್ನೂ ಜೋರಾಗಿ ನಕ್ಕಳು. ಇದಾಲಿನಾ ತಿರುಗಿ ನೋಡಿದ್ದು ನೆರಿಸ್‌ಳನ್ನು.

ಶನಿವಾರ ಬೆಳಗ್ಗೆ ಬೆರಿಲ್‌ಳ ಬಾಗಿಲ ಹಿಡಿಕೆಯಲ್ಲಿ ನೀಲಿ ಚೀಲವಿತ್ತು. ಅವಳು ಗಂಟು ಬಿಚ್ಚದೆ ಅದನ್ನು ಮೇಜಿನ ಮೇಲಿಟ್ಟು ಎದುರು ಕೂತಳು. ಆಮೇಲೆ ಕೋಟು ಹಾಕಿಕೊಂಡು, ಬ್ರೆಡ್ಡಿಗೆಂದು, ನೆರಿಸ್‌ಳ ಮನೆ ಮುಂದಿನ ದಾರಿ ಹಿಡಿದಳು. ಅಲ್ಲೂ ಚೀಲವಿತ್ತು. ಅಲ್ಲಿನ ಕೋಸಿನ ಎಲೆ ಒಂದು ಗೇಣು ದೊಡ್ಡದು.

ಬೆರಿಲ್‌ಳ ಚೀಲದ ಗಂಟು ಇದಾಲಿನಾ ಹಾಕುವ ಗಂಟಿನಂತಿರಲಿಲ್ಲ. ಸಡಿಲವಾಗಿ, ಎರಡು ಸುತ್ತು ಹೆಚ್ಚಾಗಿತ್ತು. ಅದನ್ನು ಕಟ್ಟಿದ್ದು ಇದಾಲಿನಾನೋ, ತನಗೆ ಬಂದದ್ದರಲ್ಲಿ ಪಾಲು ಮಾಡಿದ ನೆರಿಸೋ ಗೊತ್ತಿಲ್ಲ. ಆ 'ಗುರುವಾರ' ಎಂಬ ಮಾತು ಬಾಯಿ ತಪ್ಪಿ ಬಂದದ್ದಲ್ಲ ಎಂದು ನೆರಿಸ್‌ಗೆ ಅರ್ಥವಾಗಿತ್ತೋ ಇಲ್ಲವೋ, ಅದೂ ಗೊತ್ತಿಲ್ಲ. ಬೆರಿಲ್ ಎರಡನ್ನೂ ಕೇಳಲಿಲ್ಲ.